ಬಿಟ್ಟ ಸಾಲು, ತಪ್ಪಿದ ಊರು

ಈ ಸಲ ಉತ್ತರಿಸುತ್ತಿರುವ ಪತ್ರಗಳು ಚಿತ್ರದುರ್ಗ ಸೀಮೆಯವರಿಂದ ಬಂದವು. ಎಲ್ಲವೂ ಸುತ್ತುವುದು ಒಂದೇ ಪದದ ಸುತ್ತ: ‘ಸ್ಕಿಪ್’. ಗ್ರಾಫ್ ಡೇಟಾಬೇಸಿಗೆ ಪ್ರಶ್ನೆ ಕೇಳಿದಾಗ, ಉತ್ತರದ ಮೊದಲ ಇಷ್ಟು ಸಾಲು ಬಿಟ್ಟು ಮುಂದಿನದನ್ನು ಕೊಡು ಎನ್ನುವ ಆಜ್ಞೆ ಅದು. ಎಷ್ಟು ಸಾಲು ಕೊಡಬೇಕೆಂದು ಹೇಳುವುದು ಅದರ ಜೊತೆಗಾರ ‘ಲಿಮಿಟ್’. ಹೊಸಬರಿಗಾಗಿ ಒಂದು ಮಾತು. ಗ್ರಾಫ್ ಡೇಟಾಬೇಸ್ ಮಾಹಿತಿಯನ್ನು ಬಿಂದುಗಳಾಗಿಯೂ ನಂಟುಗಳಾಗಿಯೂ ಇಟ್ಟುಕೊಳ್ಳುತ್ತದೆ. ಕೆರೆ ಒಂದು ಬಿಂದು, ಊರು ಇನ್ನೊಂದು. ‘ಈ ಕೆರೆ ಕೋಡಿ ಬಿದ್ದರೆ ನೀರು ಆ ಕೆರೆಗೆ ಹೋಗುತ್ತದೆ’ ಎಂಬುದು ಅವುಗಳ ನಡುವಿನ ನಂಟು. ನಿಯೋ4ಜೆ ಈ ಬಗೆಯ ಹೆಸರಾಂತ ಡೇಟಾಬೇಸ್. 2011ರಲ್ಲಿ ಅದಕ್ಕಾಗಿ ಹುಟ್ಟಿದ ಪ್ರಶ್ನೆಯ ಭಾಷೆ ಸೈಫರ್.

ಎಲ್ಲಿ ಹೋಯಿತು ಆ ಊರು?

*ನಮ್ಮ ಮಕ್ಕಳು ಮತ್ತೋಡು ಹೋಬಳಿಯ ಊರು, ಕೆರೆ, ಗುಡಿಗಳನ್ನೆಲ್ಲ ಸೇರಿಸಿ ನಿಯೋ4ಜೆಯಲ್ಲಿ ಒಂದು ಗ್ರಾಫ್ ಕಟ್ಟಿದ್ದಾರೆ. ಪುಟಕ್ಕೆ ಹತ್ತು ಊರಿನಂತೆ ತೋರಿಸಲು ಎರಡನೇ ಪುಟಕ್ಕೆ ‘ಸ್ಕಿಪ್ 10, ಲಿಮಿಟ್ 10’, ಮೂರನೆಯದಕ್ಕೆ ‘ಸ್ಕಿಪ್ 20, ಲಿಮಿಟ್ 10’ ಎಂದು ಬರೆದೆವು. ಎರಡನೇ ಪುಟದ ಊರು ಮೂರನೇ ಪುಟದಲ್ಲೂ ಕಾಣಿಸುತ್ತಿದೆ. ಒಬ್ಬ ಹುಡುಗಿಯ ಊರಂತೂ ಯಾವ ಪುಟದಲ್ಲೂ ಇಲ್ಲ. ತಾನೇ ಕೈಯಾರೆ ಸೇರಿಸಿದ್ದು ಎಂದು ಅವಳು ಬೇಸರ ಮಾಡಿಕೊಂಡಿದ್ದಾಳೆ. ಏನಾಗಿದೆ, ಸರ್?*
— ಪ್ರೌಢಶಾಲೆ ಶಿಕ್ಷಕಿ, ಮತ್ತೋಡು

ಮೇಡಂ, ಮೊದಲು ಆ ಹುಡುಗಿಗೆ ಧೈರ್ಯ ಹೇಳಿ. ಅವಳ ಊರು ಡೇಟಾಬೇಸಿನಲ್ಲೇ ಇದೆ. ಅದನ್ನು ಕರೆಯುವ ಕ್ರಮದಲ್ಲಿ ತಪ್ಪಾಗಿದೆ: ಸಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಹೇಳುವ ‘ಆರ್ಡರ್ ಬೈ’ ನಿಮ್ಮ ಪ್ರಶ್ನೆಯಲ್ಲಿ ಇಲ್ಲ.

ನಿಮ್ಮೂರು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಬಳೆ ಕೆಲಸದ ಬಗ್ಗೆ ಬರೆದಿಟ್ಟಿದ್ದಾನೆ. ಮಕ್ಕಳಿಗೆ ಆ ಬಳೆಗಳನ್ನೇ ತೋರಿಸಿ ಹೇಳಿಕೊಡಬಹುದು. ಬುಟ್ಟಿಯಲ್ಲಿ ಬಳೆಗಳು ರಾಶಿ ಬಿದ್ದಿವೆ ಎನ್ನಿ. ‘ಮೊದಲ ಹತ್ತು ಬಿಟ್ಟು ಮುಂದಿನ ಹತ್ತು ಕೊಡಿ’ ಎಂದರೆ ಬಳೆಗಾರ ಏನು ಮಾಡಿಯಾನು? ರಾಶಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಅದೇ ಬಳೆಗಳನ್ನು ಬಣ್ಣ, ಅಳತೆ ನೋಡಿ ಮಲಾರಕ್ಕೆ, ಅಂದರೆ ಬಳೆಗಳ ಸರಕ್ಕೆ, ಏರಿಸಿದ ಮೇಲೆ ಹನ್ನೊಂದನೆಯ ಬಳೆ ಯಾವುದೆಂದು ಯಾರು ಬೇಕಾದರೂ ಎಣಿಸಿ ಹೇಳಬಹುದು. ಗ್ರಾಫ್ ಎಂಬುದು ಆ ರಾಶಿ, ಆರ್ಡರ್ ಬೈ ಎಂಬುದು ಮಲಾರ. ಮಲಾರವಿಲ್ಲದೆ ಸ್ಕಿಪ್ ಬಳಸಿದರೆ ಎಣಿಕೆ ಇರುತ್ತದೆ, ಎಣಿಕೆಗೆ ಅರ್ಥ ಇರುವುದಿಲ್ಲ.

ಪ್ರತಿ ಪುಟವೂ ಡೇಟಾಬೇಸಿಗೆ ಹೊಸ ಪ್ರಶ್ನೆ. ಹಿಂದಿನ ಪುಟದಲ್ಲಿ ಯಾವ ಹತ್ತು ಕೊಟ್ಟೆ ಎಂಬ ನೆನಪು ಅದಕ್ಕಿಲ್ಲ. ಕ್ರಮ ಹೇಳದಿದ್ದರೆ ತನಗೆ ಸುಲಭ ಕಂಡ ದಾರಿಯಲ್ಲಿ ಸಾಲುಗಳನ್ನು ತೆಗೆಯುತ್ತದೆ. ಇಂದು ಒಂದು ಸೂಚಿ (ಇಂಡೆಕ್ಸ್) ಹಿಡಿದು ಹೊರಟದ್ದು, ನಾಳೆ ಮಾಹಿತಿ ಹೆಚ್ಚಾದಾಗ ಬೇರೆ ದಾರಿ ಹಿಡಿದೀತು. ಬಿಂದುವೊಂದನ್ನು ಅಳಿಸಿದರೆ ಆ ಜಾಗದ ಒಳಸಂಖ್ಯೆಯನ್ನು ನಿಯೋ4ಜೆ ಹೊಸ ಬಿಂದುವಿಗೆ ಕೊಡುವುದೂ ಉಂಟು. ಆದ್ದರಿಂದ ಆ ಒಳಸಂಖ್ಯೆಯನ್ನೂ ನೆಚ್ಚಬೇಡಿ.

‘ಆರ್ಡರ್ ಬೈ ಹೆಸರು’ ಎಂದು ಬರೆದರೆ ಮುಕ್ಕಾಲು ಕೆಲಸ ಆಯಿತು. ಉಳಿದ ಕಾಲು ಭಾಗ ಒಂದೇ ಹೆಸರಿನ ಊರುಗಳದ್ದು. ಹೊಸಹಳ್ಳಿ, ಗೊಲ್ಲರಹಟ್ಟಿ ನಮ್ಮ ಕಡೆ ಎಷ್ಟಿಲ್ಲ? ಎರಡು ಹೊಸಹಳ್ಳಿಗಳಲ್ಲಿ ಯಾವುದು ಮೊದಲು ಎಂದು ಹೇಳದಿದ್ದರೆ, ಹತ್ತು ಮತ್ತು ಹನ್ನೊಂದನೆಯ ಜಾಗದಲ್ಲಿ ನಿಂತ ಅವು ಒಂದಕ್ಕೊಂದು ಅದಲುಬದಲಾಗಿ, ಒಂದು ಎರಡು ಸಲ ಬಂದು ಇನ್ನೊಂದು ಬಾರದೇ ಹೋದೀತು. ಪಂಚಾಯತ್ ರಾಜ್ ಸಚಿವಾಲಯದ ಎಲ್‌ಜಿಡಿ ಪಟ್ಟಿಯಲ್ಲಿ ದೇಶದ ಪ್ರತಿ ಹಳ್ಳಿಗೂ ಬೇರೆ ಬೇರೆ ಸಂಖ್ಯೆ ಇದೆ. ಅದನ್ನು ಪ್ರತಿ ಊರಿನ ಬಿಂದುವಿಗೆ ಸೇರಿಸಿ, ‘ಆರ್ಡರ್ ಬೈ ಹೆಸರು, ಎಲ್‌ಜಿಡಿ ಸಂಖ್ಯೆ’ ಎಂದು ಬರೆಯಿರಿ. ಅದರ ಹಿಂದೆ ಸ್ಕಿಪ್, ಅದರ ಹಿಂದೆ ಲಿಮಿಟ್. ಎಷ್ಟನೆಯ ಪುಟವೋ ಅದರಲ್ಲಿ ಒಂದು ಕಳೆದು ಹತ್ತರಿಂದ ಗುಣಿಸಿದರೆ ಸ್ಕಿಪ್‌ನ ಸಂಖ್ಯೆ ಸಿಗುತ್ತದೆ.

ಹತ್ತು ಕೆರೆ ಕೇಳಿದರೆ ಮೂರೇ ಕೆರೆ

*ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ವೇದಾವತಿಗೆ ಸೇರುವ ಕೆರೆಗಳ ಸರಪಳಿಯನ್ನು ಗ್ರಾಫ್ ಮಾಡುತ್ತಿದ್ದೇನೆ. ಕೆರೆ, ಆ ಕೆರೆಯ ನೀರುಣ್ಣುವ ಊರುಗಳು, ಕೋಡಿ ನೀರು ಸೇರುವ ಮುಂದಿನ ಕೆರೆ. ಆರ್ಡರ್ ಬೈ ಸರಿಯಾಗಿಯೇ ಇದೆ. ಆದರೂ ಲಿಮಿಟ್ 10 ಎಂದರೆ ಪುಟದಲ್ಲಿ ಮೂರು ಕೆರೆ ಮಾತ್ರ ಬರುತ್ತವೆ. ಮೂರನೆಯ ಕೆರೆಯ ಊರುಗಳು ಎರಡು ಪುಟಕ್ಕೆ ಹರಿದು ಹಂಚಿಹೋಗುತ್ತವೆ.*
— ಹೊಸದುರ್ಗ

ನೀವು ಎಣಿಸುತ್ತಿರುವುದು ಕೆರೆಗಳನ್ನು, ಸ್ಕಿಪ್ ಎಣಿಸುತ್ತಿರುವುದು ಸಾಲುಗಳನ್ನು. ಗ್ರಾಫ್ ಪ್ರಶ್ನೆಯಲ್ಲಿ ಇವೆರಡೂ ಬೇರೆ ಬೇರೆ ಲೆಕ್ಕ.

‘ಕೆರೆಯನ್ನೂ ಅದರ ಊರನ್ನೂ ಹುಡುಕು’ ಎಂದಾಗ ಪ್ರತಿ ನಂಟಿಗೂ ಒಂದು ಸಾಲು ಹುಟ್ಟುತ್ತದೆ. ಮೊದಲ ಕೆರೆಗೆ ನಾಲ್ಕು ಊರು, ಎರಡನೆಯದಕ್ಕೆ ಐದು, ಮೂರನೆಯದರ ಊರುಗಳಲ್ಲಿ ಮೊದಲ ಒಂದು. ಅಲ್ಲಿಗೆ ಹತ್ತು ಸಾಲು ಮುಗಿಯಿತು, ಕೆರೆ ಮೂರೇ. ಸ್ಕಿಪ್ 10 ಎಂದರೆ ಆ ಹತ್ತು ಸಾಲು ಬಿಡುತ್ತದೆಯೇ ಹೊರತು ಹತ್ತು ಕೆರೆಗಳನ್ನಲ್ಲ. ಕೋಷ್ಟಕದ ಡೇಟಾಬೇಸಿನಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲೇ. ಗ್ರಾಫಿನಲ್ಲಿ ನಂಟು ಕವಲೊಡೆದ ಕಡೆಯಲ್ಲೆಲ್ಲ ಸಾಲುಗಳು ಮರಿ ಹಾಕುತ್ತವೆ.

ಪರಿಹಾರ: ಕವಲೊಡೆಯುವ ಮುನ್ನವೇ ಬಿಡಿ, ಮುನ್ನವೇ ಮಿತಿ ಹಾಕಿ. ಸೈಫರ್‌ನಲ್ಲಿ ‘ವಿತ್’ ಎಂಬ ಪದ ಇದಕ್ಕೆ ಒದಗುತ್ತದೆ. ಮೊದಲು ಕೆರೆಗಳನ್ನಷ್ಟೇ ಹುಡುಕಿ. ‘ವಿತ್ ಕೆರೆ, ಆರ್ಡರ್ ಬೈ ಕೆರೆಯ ಹೆಸರು ಮತ್ತು ಸಂಖ್ಯೆ, ಸ್ಕಿಪ್ 10, ಲಿಮಿಟ್ 10’ ಎಂದು ಅಲ್ಲೇ ಹತ್ತು ಕೆರೆ ಆರಿಸಿ. ಆಮೇಲೆ ಆ ಹತ್ತರಿಂದ ಊರುಗಳ ಕಡೆ ಹೊರಡಿ. ಹೊರಡುವಾಗ, ಹುಡುಕಲು ಬಳಸುವ ‘ಮ್ಯಾಚ್’ ಬದಲು ‘ಆಪ್ಷನಲ್ ಮ್ಯಾಚ್’ ಬಳಸಿ. ಇಲ್ಲದಿದ್ದರೆ ಊರಿನ ನಂಟು ಇನ್ನೂ ಬರೆಯದ ಕೆರೆ ಪುಟದಿಂದಲೇ ಜಾರಿಹೋಗುತ್ತದೆ. ಊರುಗಳನ್ನು ‘ಕಲೆಕ್ಟ್’ ಮಾಡಿ ಒಂದೇ ಪಟ್ಟಿಗೆ ಕೂಡಿಸಿದರೆ ಕೆರೆಗೊಂದು ಸಾಲು ಉಳಿಯುತ್ತದೆ. ಕೊನೆಯ ‘ರಿಟರ್ನ್’ ಜೊತೆ ಆರ್ಡರ್ ಬೈ ಇನ್ನೊಮ್ಮೆ ಬರೆಯುವುದನ್ನು ಮರೆಯಬೇಡಿ. ನಡುವೆ ಹೊಸ ಹುಡುಕಾಟ ನಡೆದ ಮೇಲೆ ಮೊದಲಿನ ಕ್ರಮ ಹಾಗೇ ಉಳಿದೀತೆಂಬ ಭರವಸೆ ಇಲ್ಲ.

ಇನ್ನೊಂದು ಎಚ್ಚರ. ಹೊಸದುರ್ಗ ದಾಟಿ ಬರುವ ವೇದಾವತಿ ಮಾರಿಕಣಿವೆಯಲ್ಲಿ ವಾಣಿ ವಿಲಾಸ ಸಾಗರವಾಗಿ ನಿಲ್ಲುತ್ತದೆ. 1933ರ ಬಳಿಕ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ; 2025ರ ಜನವರಿಯಲ್ಲೂ ಬಿತ್ತು. ಆ ನೀರು ಯಾವ ಯಾವ ಕೆರೆ ದಾಟಿ ಬಂತು ಎಂದು ನಿಮ್ಮ ಗ್ರಾಫನ್ನು ಕೇಳಿದರೆ, ಎರಡು ಹಳ್ಳ ಕೂಡುವ ಕಡೆ ಒಂದೇ ಕೆರೆ ಎರಡು ದಾರಿಯಿಂದ ಎರಡು ಸಲ ಬರುತ್ತದೆ. ಅಂಥ ಪ್ರಶ್ನೆಯಲ್ಲಿ ‘ಡಿಸ್ಟಿಂಕ್ಟ್’ ಹಾಕಿ. ಮರುಕಳಿಸಿದ್ದನ್ನು ತೆಗೆದ ಮೇಲೆಯೇ ಸೈಫರ್ ಸಾಲು ಬಿಡಲು ಶುರು ಮಾಡುತ್ತದೆ, ಹಾಗಾಗಿ ಲೆಕ್ಕ ಕೆಡುವುದಿಲ್ಲ.

ಹೊಸದುರ್ಗಕ್ಕಿಂತ ಮುಂಚೆ ಹೊಳಲ್ಕೆರೆ ಏಕೆ?

*ಗ್ರಂಥಾಲಯಕ್ಕಾಗಿ ಜಿಲ್ಲೆಯ ಸ್ಥಳನಾಮಗಳ ಸೂಚಿ ಮಾಡುತ್ತಿದ್ದೇನೆ. ನಿಘಂಟಿನ ಪ್ರಕಾರ ‘ಸ’ ಆದ ಮೇಲೆ ‘ಳ’ ಬರಬೇಕು. ಡೇಟಾಬೇಸ್ ಹೊಳಲ್ಕೆರೆಯನ್ನು ಹೊಸದುರ್ಗಕ್ಕಿಂತ ಮುಂಚೆ ತರುತ್ತಿದೆ. ಇಷ್ಟು ಸಾಲು ಬಿಟ್ಟರೆ ಈ ಅಕ್ಷರ ಸಿಗಬೇಕು ಎಂದು ಹೋದರೆ ಸಿಗುವುದೇ ಇಲ್ಲ.*
— ಗ್ರಂಥಪಾಲಕರು, ಹೊಳಲ್ಕೆರೆ

ಸರಿಯಾದ ಕಡೆ ಬೆರಳಿಟ್ಟಿದ್ದೀರಿ. ಡೇಟಾಬೇಸಿಗೆ ನಮ್ಮ ವರ್ಣಮಾಲೆ ಗೊತ್ತಿಲ್ಲ, ಯೂನಿಕೋಡ್ ಸಂಖ್ಯೆ ಮಾತ್ರ ಗೊತ್ತು. ಭಾರತದ ಹಲವು ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಿದಾಗ ‘ಳ’ ಅಕ್ಷರವನ್ನು ‘ಲ’ದ ಪಕ್ಕ ಕೂರಿಸಿದರು. ಹಾಗಾಗಿ ಯಂತ್ರದ ಲೆಕ್ಕದಲ್ಲಿ ಲ, ಳ, ವ, ಶ, ಷ, ಸ, ಹ ಎಂಬುದೇ ಕ್ರಮ. ನಮ್ಮ ಬಾಯಿಪಾಠದಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ. ಹೊಳಲ್ಕೆರೆ ಮುಂದೆ ಬಂದದ್ದು ಇದೇ ಕಾರಣಕ್ಕೆ.

ಪ್ರತಿ ಊರಿನ ಬಿಂದುವಿಗೆ ‘ವಿಂಗಡಣೆ ಕೀಲಿ’ ಎಂಬ ಇನ್ನೊಂದು ಗುಣ ಸೇರಿಸಿ. ಕನ್ನಡದ ಅಕ್ಷರ ಕ್ರಮ ಬಲ್ಲ ಐಸಿಯು ತಂತ್ರಾಂಶ ಸಂಗ್ರಹದ ನೆರವಿನಿಂದ ಆ ಕೀಲಿಯನ್ನು ಒಮ್ಮೆ ಬರೆದಿಟ್ಟರೆ ಸಾಕು. ಆಮೇಲೆ ಆರ್ಡರ್ ಬೈ ಆ ಕೀಲಿಯ ಮೇಲೆ ಇರಲಿ, ಓದುಗರಿಗೆ ತೋರಿಸುವುದು ಹೆಸರು. ಸರಿಯಾಯಿತೇ ಎಂದು ನೋಡಲು ನಿಮ್ಮ ಎರಡು ತಾಲ್ಲೂಕುಗಳೇ ಸಾಕು: ಹೊಸದುರ್ಗ ಮೊದಲು, ಹೊಳಲ್ಕೆರೆ ಆಮೇಲೆ ಬಂದರೆ ಕೀಲಿ ಸರಿಯಿದೆ.

ಕ್ರಮ ತಪ್ಪಿದರೆ ಊರು ದೂರದ ಪುಟಕ್ಕೆ ಹೋಗುತ್ತದೆ, ಅಷ್ಟೆ. ಬರವಣಿಗೆ ತಪ್ಪಿದರೆ ಒಂದೇ ಊರು ಎರಡಾಗುತ್ತದೆ. ಒತ್ತಕ್ಷರದ ‘ಹೊಳಲ್ಕೆರೆ’ಯೂ ಬಿಡಿಸಿ ಬರೆದ ‘ಹೊಳಲ್‌ಕೆರೆ’ಯೂ ಯಂತ್ರಕ್ಕೆ ಎರಡು ಊರು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಅಡಗಿದೆ. ‘ಹೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ. ಆದರೆ ಎರಡು ತುಂಡಿನ ‘ಹೊಸದುರ್ಗ’ ಹೋಗಿ ‘ಹೆ’ ಮತ್ತು ‘ಹೇ’ ನಡುವೆ ಕೂರುತ್ತದೆ. ನೀವು ‘ಹೊ’ ಪುಟದಲ್ಲಿ ಹುಡುಕುತ್ತಲೇ ಇರುತ್ತೀರಿ. ಹೆಸರುಗಳನ್ನು ಒಳಗೆ ಹಾಕುವ ಮೊದಲೇ, ಇಂಥ ತುಂಡುಗಳನ್ನು ಒಂದಾಗಿಸುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಅಡಗಿದ ಅಕ್ಷರಗಳ ವಿಚಾರದಲ್ಲಿ ಒಂದೇ ನಿಯಮ ಪಾಲಿಸಿ.

ಹಿಂದಿನ ಪುಟ ಬೇಗ, ಮುಂದಿನ ಪುಟ ನಿಧಾನ

*ನಮ್ಮದು ತೆಂಗು ಬೆಳೆಗಾರರ ಸಣ್ಣ ಸಂಘ. ಯಾವ ತೋಟದ ಕಾಯಿ ಯಾವ ಮಂಡಿಗೆ ಹೋಯಿತು ಎಂಬ ಲೆಕ್ಕ ಗ್ರಾಫಿನಲ್ಲಿದೆ. ಮೊದಲ ಪುಟಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತವೆ. ಹಳೆಯ ಲೆಕ್ಕಕ್ಕೆ ಹೋದಷ್ಟೂ ನಿಧಾನ. ಪುಟಕ್ಕೆ ಇಪ್ಪತ್ತೇ ಸಾಲು, ಆದರೂ ಹೀಗೇಕೆ?*
— ಹಿರಿಯೂರು

ಬಿಟ್ಟ ಸಾಲೂ ನಡೆದ ದಾರಿಯೇ. 2,501ನೇ ಪುಟಕ್ಕೆ ಸ್ಕಿಪ್ 50,000 ಆಗುತ್ತದೆ. ಡೇಟಾಬೇಸ್ ನೇರವಾಗಿ 50,001ನೇ ಸಾಲಿಗೆ ಹಾರಲಾರದು. ಕಡಿಮೆಯೆಂದರೂ 50,020 ಸಾಲು ಹುಡುಕಿ, ಕ್ರಮಕ್ಕೆ ತಂದು, 50,000 ಎಸೆದು, ಇಪ್ಪತ್ತನ್ನು ನಿಮ್ಮ ಕೈಗಿಡುತ್ತದೆ. ಮುಂದಿನ ಪುಟ ಕೇಳಿದರೆ ಮತ್ತೆ ಮೊದಲಿನಿಂದ ಶುರು.

ಎಣಿಸುವುದನ್ನು ಬಿಟ್ಟು ಗುರುತು ಇಡಿ. ಪುಟದ ಕೊನೆಯ ಸಾಲಿನ ದಿನಾಂಕ ಮತ್ತು ರಸೀದಿ ಸಂಖ್ಯೆ ನೆನಪಿಟ್ಟುಕೊಂಡು, ಮುಂದಿನ ಸಲ ‘ಈ ದಿನಾಂಕಕ್ಕಿಂತ ಹಿಂದಿನವು, ಇಲ್ಲವೇ ದಿನಾಂಕ ಇದೇ ಆಗಿದ್ದು ರಸೀದಿ ಸಂಖ್ಯೆ ಇದಕ್ಕಿಂತ ಕಡಿಮೆ ಇರುವವು’ ಎಂದು ‘ವೇರ್’ ಷರತ್ತು ಹಾಕಿ. ಎರಡನ್ನೂ ಇಳಿಕೆ ಕ್ರಮದಲ್ಲಿ ಜೋಡಿಸಿ, ಲಿಮಿಟ್ 20 ಇರಲಿ. ಸ್ಕಿಪ್ ಬೇಕಾಗುವುದೇ ಇಲ್ಲ. ದಿನಾಂಕದ ಮೇಲೆ ಸೂಚಿ ಕಟ್ಟಿದ್ದರೆ ಡೇಟಾಬೇಸ್ ಸೀದಾ ಆ ಗುರುತಿಗೆ ಹೋಗಿ ಅಲ್ಲಿಂದ ಓದಲು ಶುರು ಮಾಡುತ್ತದೆ. ಎಷ್ಟೇ ಹಳೆಯ ಪುಟವಾದರೂ ಹೊರೆ ಹೆಚ್ಚುಕಡಿಮೆ ಒಂದೇ.

ಇದರಲ್ಲಿ ಒಂದು ಕೊರತೆ ಇದೆ: ‘ನೇರ 300ನೇ ಪುಟಕ್ಕೆ ಕರೆದೊಯ್ಯಿ’ ಎನ್ನಲು ಆಗುವುದಿಲ್ಲ, ‘ಮುಂದೆ’ ಒತ್ತುತ್ತಾ ಹೋಗಬೇಕು. ಆದರೆ ನಿಮ್ಮ ರೈತರಿಗೆ ಬೇಕಾದದ್ದು 300ನೇ ಪುಟ ಅಲ್ಲ, ಕಳೆದ ಯುಗಾದಿಯ ಲೋಡಿನ ಲೆಕ್ಕ. ದಿನಾಂಕ ಕೇಳುವ ಒಂದು ಖಾನೆ ಇಡಿ, ಗುರುತು ಅಲ್ಲಿಂದಲೇ ಶುರುವಾಗಲಿ. ಕೆಲವು ನೂರು ಸಾಲಿನ ಸಣ್ಣ ಪಟ್ಟಿಗಳಿಗೆ ಸ್ಕಿಪ್ ಧಾರಾಳವಾಗಿ ಸಾಕು, ಅಲ್ಲಿ ಈ ಬದಲಾವಣೆಯ ತೊಂದರೆ ತೆಗೆದುಕೊಳ್ಳಬೇಡಿ.

ಸರಿಪಡಿಸಿದೆ, ಅರ್ಧ ಹಾಗೇ ಉಳಿಯಿತು

*ಮತ್ತೋಡಿನವನು, ಈಗ ಬೆಂಗಳೂರಿನಲ್ಲಿದ್ದೇನೆ. ಒಂದು ಸಾವಿರ ಬಿಂದುಗಳಲ್ಲಿ ತಾಲ್ಲೂಕಿನ ಹೆಸರು ತಪ್ಪಾಗಿತ್ತು. ಒಂದೇ ಸಲ ಬೇಡವೆಂದು ನೂರು ನೂರರಂತೆ ಸ್ಕಿಪ್ ಹೆಚ್ಚಿಸುತ್ತಾ ತಿದ್ದಿದೆ. ಕೆಲಸ ಮುಗಿಯಿತೆಂದು ಬಂತು. ನೋಡಿದರೆ 500 ಹಾಗೇ ಇವೆ. ಆರ್ಡರ್ ಬೈ ಹಾಕಿದ್ದೆ.*

ನಿಮ್ಮ 500 ಲೆಕ್ಕದ ಪ್ರಕಾರವೇ ಉಳಿದಿದೆ. ಬೆರಳು ಮಡಿಸಿ ಎಣಿಸೋಣ. ತಪ್ಪಿದ್ದವು 1,000. ಸ್ಕಿಪ್ 0 ಎಂದು ಮೊದಲ ನೂರು ತಿದ್ದಿದಿರಿ. ಅವು ಸರಿಯಾದವು, ಅಂದರೆ ತಪ್ಪಿನ ಪಟ್ಟಿಯಿಂದ ಹೊರಬಿದ್ದವು. ಈಗ ಪಟ್ಟಿಯಲ್ಲಿ 900. ಸ್ಕಿಪ್ 100 ಎಂದಾಗ ಆ 900ರ ಮೊದಲ ನೂರು, ಇನ್ನೂ ತಿದ್ದದವು, ದಾಟಿಹೋದವು. ಮುಂದಿನ ನೂರು ತಿದ್ದಿದ ಮೇಲೆ ಉಳಿದದ್ದು 800. ಹೀಗೇ 700, 600, 500. ಆರನೇ ಸುತ್ತಿನಲ್ಲಿ ಸ್ಕಿಪ್ 500, ಪಟ್ಟಿಯಲ್ಲಿರುವುದೂ 500. ಬಿಟ್ಟ ಮೇಲೆ ಏನೂ ಉಳಿಯಲಿಲ್ಲ, ಕೆಲಸ ಮುಗಿಯಿತೆಂದು ಯಂತ್ರ ಹೇಳಿತು.

ಓದುವಾಗ ಸ್ಕಿಪ್ ಸರಿ. ಹುಡುಕುವ ಗುಣವನ್ನೇ ತಿದ್ದುವಾಗ ಸ್ಕಿಪ್ ಬೇಡ. ‘ತಪ್ಪಿರುವ ನೂರು ಕೊಡು, ತಿದ್ದು’ ಎಂಬುದನ್ನಷ್ಟೇ ಪಟ್ಟಿ ಬರಿದಾಗುವ ತನಕ ನಡೆಸಿ. ನಿಯೋ4ಜೆ 4.4ರಿಂದ ‘ಕಾಲ್ ... ಇನ್ ಟ್ರಾನ್ಸಾಕ್ಷನ್ಸ್’ ಎಂಬ ಸೌಲಭ್ಯವೂ ಇದೆ, ತಂಡ ತಂಡವಾಗಿ ಬರೆಯುವ ಹೊಣೆ ಅದೇ ಹೊರುತ್ತದೆ.

ವಿಕಿಡೇಟಾದಲ್ಲಿ ಕನ್ನಡ ಹೆಸರಿಲ್ಲದ ಜಾಗಗಳು

*ಚಂದ್ರವಳ್ಳಿ, ಬ್ರಹ್ಮಗಿರಿಯಂಥ ಜಾಗಗಳ ಪಟ್ಟಿಯನ್ನು ವಿಕಿಡೇಟಾದಿಂದ ತೆಗೆದು, ಕನ್ನಡ ಹೆಸರಿಲ್ಲದ ಕಡೆ ಹೆಸರು ತುಂಬುತ್ತಿದ್ದೇನೆ. ಆಫ್‌ಸೆಟ್ ಹಾಕಿ ಪುಟ ಪುಟವಾಗಿ ತೆಗೆಯುತ್ತೇನೆ. ಕೆಲವೊಮ್ಮೆ ಸಮಯ ಮೀರಿತು ಎಂದು ನಿಲ್ಲುತ್ತದೆ, ಕೆಲವೊಮ್ಮೆ ಜಾಗಗಳು ತಪ್ಪಿಹೋಗುತ್ತವೆ.*
— ಇತಿಹಾಸ ಸಂಶೋಧನಾ ವಿದ್ಯಾರ್ಥಿನಿ, ಚಿತ್ರದುರ್ಗ

ತುಂಬ ಅಗತ್ಯವಾದ ಕೆಲಸ ಹಿಡಿದಿದ್ದೀರಿ. ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿ, ಚಂದ್ರವಳ್ಳಿ ಎರಡರಲ್ಲೂ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಇಂಥ ಜಾಗಗಳು ವಿಕಿಡೇಟಾ ಎಂಬ ಜಗತ್ತಿನ ಗ್ರಾಫಿನಲ್ಲಿ ಕನ್ನಡದ ಹೆಸರಿನಿಂದಲೂ ಸಿಗಬೇಕು.

2012ರಲ್ಲಿ ಶುರುವಾದ ವಿಕಿಡೇಟಾಕ್ಕೆ ಪ್ರಶ್ನೆ ಕೇಳುವುದು ಸ್ಪಾರ್ಕಲ್ ಭಾಷೆಯಲ್ಲಿ. ಅಲ್ಲಿ ಸ್ಕಿಪ್‌ಗೆ ‘ಆಫ್‌ಸೆಟ್’ ಎಂದು ಹೆಸರು. ಹೆಸರು ಬೇರೆ, ನಿಯಮ ಅದೇ: ಆರ್ಡರ್ ಬೈ ಇಲ್ಲದ ಆಫ್‌ಸೆಟ್‌ನಿಂದ ಪ್ರಯೋಜನ ಇಲ್ಲ ಎಂದು ಆ ಭಾಷೆಯ ಮಾನಕವೇ ಎಚ್ಚರಿಸುತ್ತದೆ. ಕ್ಯೂ ಸಂಖ್ಯೆಯ ಮೇಲೆ ವಿಂಗಡಿಸಿ, ಅದು ಪ್ರತಿ ಜಾಗಕ್ಕೂ ಬೇರೆ. ಪ್ರಶ್ನೆಗೆ 60 ಸೆಕೆಂಡಿನ ಗಡುವು ಇದೆ. ಹಾಗಾಗಿ ಒಳಪ್ರಶ್ನೆಯಲ್ಲಿ ಮೊದಲು ಬೇಕಾದಷ್ಟು ಜಾಗಗಳನ್ನು ಆರಿಸಿ, ಹೆಸರು ತರುವ ಕೆಲಸ ಹೊರಗಿನ ಪ್ರಶ್ನೆಗೆ ಇರಲಿ. ಇಲ್ಲದಿದ್ದರೆ ನೀವು ಬಿಡಲಿರುವ ಸಾಲುಗಳಿಗೂ ಅದು ಹೆಸರು ಹುಡುಕುತ್ತಾ ಹೊತ್ತು ಕಳೆಯುತ್ತದೆ.

ಜಾಗಗಳು ತಪ್ಪುವುದಕ್ಕೆ ಕಾರಣ ಮೇಲಿನ ಪತ್ರದಲ್ಲಿದೆ. ‘ಕನ್ನಡ ಹೆಸರಿಲ್ಲದವು’ ಎಂದು ಕೇಳುತ್ತೀರಿ, ಹೆಸರು ತುಂಬುತ್ತೀರಿ, ತುಂಬಿದ್ದು ಪಟ್ಟಿಯಿಂದ ಜಾರುತ್ತದೆ, ಆಫ್‌ಸೆಟ್ ಹೆಚ್ಚಿಸಿದಾಗ ಹೆಸರಿಲ್ಲದವೇ ದಾಟಿಹೋಗುತ್ತವೆ. ಬೆಳಿಗ್ಗೆಯೇ ಇಡೀ ಪಟ್ಟಿಯನ್ನು ಇಳಿಸಿಕೊಂಡು, ದಿನವಿಡೀ ಅದನ್ನೇ ನೋಡಿ ತುಂಬಿ.

ಎರಡು ಚುಟುಕು ಉತ್ತರ

*ಜಾವಾಸ್ಕ್ರಿಪ್ಟ್‌ನಿಂದ 20 ಎಂದೇ ಕಳಿಸಿದರೂ ಸ್ಕಿಪ್ ಒಪ್ಪುವುದಿಲ್ಲ. (ಹೊಸದುರ್ಗ)*
ಸ್ಕಿಪ್‌ಗೆ ಸೊನ್ನೆ ಅಥವಾ ಅದಕ್ಕಿಂತ ದೊಡ್ಡ ಪೂರ್ಣಾಂಕವೇ ಬೇಕು. ಜಾವಾಸ್ಕ್ರಿಪ್ಟ್ ಸಂಖ್ಯೆ ನಿಯೋ4ಜೆಗೆ 20.0 ಎಂಬ ದಶಮಾಂಶವಾಗಿ ತಲುಪುತ್ತದೆ. ಡ್ರೈವರ್‌ನಲ್ಲಿರುವ ‘ಇಂಟ್’ ಫಂಕ್ಷನ್‌ನಲ್ಲಿ ಹಾಯಿಸಿ ಕಳಿಸಿ.

*ಸ್ಕಿಪ್, ಆಫ್‌ಸೆಟ್, ರೇಂಜ್: ಯಾವುದನ್ನು ಕಲಿಯಲಿ? (ಹಿರಿಯೂರು)*
ಗ್ರಾಫಿಗೆ ಪ್ರಶ್ನೆ ಕೇಳುವ ಇನ್ನೊಂದು ಭಾಷೆಯಾದ ಗ್ರೆಮ್ಲಿನ್‌ನಲ್ಲಿ ‘ರೇಂಜ್ 10, 20’ ಎಂದರೆ 11ರಿಂದ 20ನೇ ಸಾಲು. ಸೈಫರ್‌ನಲ್ಲಿ ‘ಸ್ಕಿಪ್ 10, ಲಿಮಿಟ್ 10’ ಎಂದರೂ ಅವೇ. 2024ರ ಏಪ್ರಿಲ್‌ನಲ್ಲಿ ಹೊರಬಂದ ಗ್ರಾಫ್ ಭಾಷೆಯ ಅಂತರರಾಷ್ಟ್ರೀಯ ಮಾನಕ ಜಿಕ್ಯೂಎಲ್, ಅಂದರೆ ಐಎಸ್‌ಒ 39075, ‘ಆಫ್‌ಸೆಟ್’ ಎನ್ನುತ್ತದೆ. ಹೊಸದಾಗಿ ಕಲಿಯುವವರು ಆ ಪದಕ್ಕೆ ಒಗ್ಗಿಕೊಳ್ಳಿ.

ಮತ್ತೋಡಿನ ಮೇಡಂಗೆ ಕೊನೆಯದಾಗಿ ಒಂದು ಅಭ್ಯಾಸ, ಮಕ್ಕಳ ಕೈಯಲ್ಲೇ ಮಾಡಿಸಿ. ಮೊದಲು ‘ಕೌಂಟ್’ ಬಳಸಿ ಒಟ್ಟು ಊರು ಎಷ್ಟೆಂದು ಕೇಳಿ ಹಲಗೆಯ ಮೇಲೆ ಬರೆಯಿರಿ. ಆಮೇಲೆ ಪ್ರತಿ ಪುಟದ ಊರುಗಳನ್ನು ಎಲ್‌ಜಿಡಿ ಸಂಖ್ಯೆಯ ಜೊತೆ ಒಂದೊಂದಾಗಿ ಅದರ ಕೆಳಗೆ ಬರೆಸಿ, ಎರಡು ಸಲ ಬಂದದ್ದಕ್ಕೆ ಸುತ್ತು ಹಾಕಿಸಿ. ಒಟ್ಟು ಕೂಡಿಬಂತು, ಸುತ್ತು ಬೀಳಲಿಲ್ಲ ಎಂದರೆ ಮಲಾರ ಗಟ್ಟಿಯಾಗಿದೆ. ಸಂಖ್ಯೆ ಕೂಡಿಬಂದು ಸುತ್ತು ಬಿದ್ದಿದ್ದರೆ, ಪ್ರತಿ ಸುತ್ತಿಗೂ ಒಂದು ಊರು ಎಲ್ಲೋ ತಪ್ಪಿದೆ ಎಂದೇ ಅರ್ಥ. ಪರದೆಯ ಮೇಲೆ ಅದು ಒಂದು ಸಾಲು ಮಾತ್ರ. ಅಲ್ಲಿ ಮನೆಯಿರುವವರಿಗೆ ಅದು ಊರು. ಆ ಹುಡುಗಿಯ ಊರು ಎಷ್ಟನೇ ಪುಟದಲ್ಲಿ ಸಿಕ್ಕಿತೆಂದು ಅವಳ ಕೈಯಲ್ಲೇ ಒಂದು ಕಾರ್ಡು ಬರೆಸಿ ಕಳಿಸಿ.